ಮನೆಯ ಚಲಚ್ಚಿತ್ರಕ್ಕೆ ಬಣ್ಣದ ಸುರುಳಿ

ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಹಿರಿಯರು ಇಟ್ಟುಹೋದ ಚಲಚ್ಚಿತ್ರದ ಕೈಕ್ಯಾಮರಾಗಳು ಈಚಿನ ವರ್ಷಗಳಲ್ಲಿ ಒಂದೊಂದಾಗಿ ಕೆಳಗಿಳಿಯುತ್ತಿವೆ. ಮೊಮ್ಮಕ್ಕಳು ಅವುಗಳ ಧೂಳನ್ನೊರೆಸಿ, ಕೀಲಿಯನ್ನು ತಿರುಗಿಸಿ, ಯಂತ್ರವು ಇನ್ನೂ ಗರಗರನೆ ಓಡುವುದನ್ನು ಕೇಳಿ ಹಿಗ್ಗುತ್ತಾರೆ. ಆ ಹಿಗ್ಗು ಇಳಿದ ಮೇಲೆ ಪ್ರಶ್ನೆಗಳು ಮೂಡುತ್ತವೆ. ಇದಕ್ಕೆ ಹಾಕುವ ಬಣ್ಣದ ಫಿಲ್ಮು ಎಲ್ಲಿ ಸಿಕ್ಕೀತು? ಅದನ್ನು ತೊಳೆದುಕೊಡುವವರು ಯಾರು? ಸಂಸಾರಸ್ಥನ ಕೈಗೆ ನಿಲುಕುವ ವೆಚ್ಚದಲ್ಲಿ ಈ ಕೆಲಸವು ಆದೀತೆ? ಈ ಅರ್ಥದ ಪತ್ರಗಳು ನಮಗೆ ಬಂದಿರುವುದರಿಂದ ಈ ತಿಂಗಳು ಇದೇ ವಿಷಯವನ್ನು ವಿಚಾರ ಮಾಡೋಣವೆಂದಿದ್ದೇವೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬಣ್ಣದ ಫಿಲ್ಮಿನ ನಿಜವಾದ ವೆಚ್ಚವು ಸುರುಳಿಯಲ್ಲಿಲ್ಲ, ಅದನ್ನು ತೊಳೆಯುವುದರಲ್ಲಿದೆ. ಅಗ್ಗವಾಗಿ ಸಿಕ್ಕಿತೆಂದು ಸುರುಳಿಯನ್ನು ಕೊಂಡು, ತೆಗೆದು ಮುಗಿಸಿದ ಮೇಲೆ ತೊಳೆಯುವವರಿಗಾಗಿ ಅಲೆಯುವವನು ಕೊನೆಗೆ ಎರಡರಷ್ಟು ತೆರುತ್ತಾನೆ. ಇಲ್ಲವೆ ಚಿತ್ರವನ್ನೇ ಕಳೆದುಕೊಳ್ಳುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಲೋಕದಲ್ಲಿ ಹೇಳುವುದುಂಟಷ್ಟೆ. ಈ ಒಂದು ವ್ಯವಹಾರದಲ್ಲಿ ಮಾತ್ರ ಕುಲಾವಿಯನ್ನು ಮೊದಲು ಹುಡುಕಿ ಆಮೇಲೆ ಕೂಸನ್ನು ಬಯಸುವುದೇ ಜಾಣತನ.

ಇದು ಬರಿಯ ತರ್ಕವಲ್ಲ. ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ. ಮನೆಯವರು ತಾವೇ ಚಲಚ್ಚಿತ್ರ ತೆಗೆಯಲು ಅನುಕೂಲವಾಗುವಂತೆ ಅಮೆರಿಕೆಯ ಕೊಡಕ್ ಸಂಸ್ಥೆಯವರು ೧೯೨೩ರಲ್ಲಿ ೧೬ ಮಿಲಿಮೀಟರು ಅಗಲದ ಫಿಲ್ಮನ್ನೂ, ೧೯೩೨ರಲ್ಲಿ ಅದಕ್ಕಿಂತ ಅಗ್ಗವಾದ ೮ ಮಿಲಿಮೀಟರಿನದನ್ನೂ ಬಳಕೆಗೆ ತಂದರು. ಅವೆರಡೂ ಮೊದಲಲ್ಲಿ ಕಪ್ಪು ಬಿಳುಪಿನವೇ. ೧೯೩೫ರಲ್ಲಿ ಕೊಡಕ್ರೋಮ್ ಎಂಬ ಬಣ್ಣದ ಫಿಲ್ಮು ೧೬ ಮಿಲಿಮೀಟರಿನಲ್ಲಿ ಹೊರಬಂದು, ಮರುವರ್ಷವೇ ೮ ಮಿಲಿಮೀಟರಿಗೂ ಇಳಿಯಿತು. ಇದನ್ನು ಕಂಡುಹಿಡಿದ ಲಿಯೊಪೋಲ್ಡ್ ಮಾನಸ್, ಲಿಯೊಪೋಲ್ಡ್ ಗೊಡೊವ್‌ಸ್ಕಿ ಎಂಬಿಬ್ಬರೂ ವೃತ್ತಿಯಿಂದ ಸಂಗೀತಗಾರರು. ಒಬ್ಬರು ಪಿಯಾನೋ ವಾದಕರು, ಮತ್ತೊಬ್ಬರು ಪಿಟೀಲು ವಾದಕರು. ಗಡಿಯಾರವು ಕಾಣದ ಕತ್ತಲೆಕೋಣೆಯಲ್ಲಿ ಬ್ರಾಮ್ಸ್ ಎಂಬ ವಾಗ್ಗೇಯಕಾರನ ಕೃತಿಯೊಂದನ್ನು ಸಿಳ್ಳಿನಲ್ಲಿ ನುಡಿಸುತ್ತ, ಅದರ ಲಯದಿಂದಲೇ ಕ್ಷಣಗಳನ್ನು ಎಣಿಸಿಕೊಂಡರೆಂದು ಹೇಳುತ್ತಾರೆ. ತಾಳವನ್ನು ಬಲ್ಲ ನಮ್ಮ ಓದುಗರಿಗೆ ಇದು ಆಶ್ಚರ್ಯವಾಗಲಾರದು.

ಈ ಫಿಲ್ಮಿನ ರಚನೆಯಲ್ಲಿ ಒಂದು ವಿಶೇಷವುಂಟು. ಮಿಕ್ಕ ಬಣ್ಣದ ಫಿಲ್ಮುಗಳಲ್ಲಿ ಬಣ್ಣವನ್ನು ಹುಟ್ಟಿಸುವ ದ್ರವ್ಯವು, ಬೀಜದಲ್ಲಿ ಮರವಿರುವಂತೆ, ಫಿಲ್ಮಿನ ಪದರಗಳಲ್ಲಿಯೇ ಅಡಗಿರುತ್ತದೆ. ಕೊಡಕ್ರೋಮಿನಲ್ಲಿ ಹಾಗಲ್ಲ. ಅದು ಬೇರೆಬೇರೆ ಬಣ್ಣದ ಬೆಳಕನ್ನು ಹಿಡಿಯುವ ಮೂರು ಪದರಗಳುಳ್ಳದ್ದಾದರೂ, ಅದರೊಳಗೆ ಬಣ್ಣದ ಬೀಜವಿಲ್ಲ. ತೊಳೆಯುವ ಕಾಲದಲ್ಲಿ ಮೂರು ಬಣ್ಣಗಳನ್ನೂ ಒಂದಾದ ಮೇಲೊಂದರಂತೆ ಹೊರಗಿನಿಂದಲೇ ಕೊಡಬೇಕು. ಈ ಕ್ರಮವು ದೊಡ್ಡ ಯಂತ್ರಗಳನ್ನೂ ನುರಿತ ರಸಾಯನಜ್ಞರನ್ನೂ ಬೇಡುವಂಥದು. ಆದಕಾರಣ ಕೊಡಕ್ಕಿನವರು ತೊಳೆಯುವ ಶುಲ್ಕವನ್ನೂ ಸೇರಿಸಿಯೇ ಫಿಲ್ಮನ್ನು ಮಾರಿದರು. ಗೃಹಸ್ಥನು ತೆಗೆದ ಸುರುಳಿಯನ್ನು ಅಂಚೆಗೆ ಹಾಕಿದರೆ, ಚಿತ್ರವಾಗಿ ಮನೆಗೆ ಹಿಂದಿರುಗುತ್ತಿತ್ತು. ೧೯೫೪ರಲ್ಲಿ ಅಮೆರಿಕೆಯ ಸರಕಾರವು ಈ ಜೋಡಿ ಮಾರಾಟವು ನ್ಯಾಯವಲ್ಲವೆಂದು ನ್ಯಾಯಾಲಯದ ಮೂಲಕ ಅದನ್ನು ಬಿಡಿಸಿತು. ಅಲ್ಲಿಂದ ಮುಂದೆ ಆ ದೇಶದಲ್ಲಿ ಫಿಲ್ಮಿನ ಬೆಲೆಯೇ ಬೇರೆ, ತೊಳೆಯುವ ಬೆಲೆಯೇ ಬೇರೆಯಾಯಿತು.

ಎಪ್ಪತ್ತು ವರ್ಷ ಬಾಳಿದ ಈ ಫಿಲ್ಮು ಅಳಿದದ್ದು ಹೇಗೆಂಬುದನ್ನು ಗಮನಿಸಬೇಕು. ಮನೆಯ ಕ್ಯಾಮರಾಗಳಿಗೆ ಬರುತ್ತಿದ್ದ ಕೊಡಕ್ರೋಮನ್ನು ೨೦೦೫ರಲ್ಲಿಯೂ, ಉಳಿದ ಬಗೆಯನ್ನು ೨೦೦೯ರಲ್ಲಿಯೂ ನಿಲ್ಲಿಸಿದರು. ಕಡೆಗೆ ಜಗತ್ತಿನಲ್ಲೆಲ್ಲ ಇದನ್ನು ತೊಳೆಯುವ ಒಂದೇ ಒಂದು ಅಂಗಡಿ ಅಮೆರಿಕೆಯ ಕ್ಯಾನ್ಸಸ್ ಸಂಸ್ಥಾನದ ಪಾರ್ಸನ್ಸ್ ಎಂಬ ಊರಿನಲ್ಲಿ ಉಳಿಯಿತು. ಆ ಡ್ವೇನ್ಸ್ ಫೋಟೋ ಎಂಬವರು ೨೦೧೦ನೆಯ ಡಿಸೆಂಬರು ೩೦ರ ವರೆಗೆ ಬಂದ ಸುರುಳಿಗಳನ್ನು ಮಾತ್ರ ಅಂಗೀಕರಿಸಿದರು. ೨೦೧೧ನೆಯ ಜನವರಿಯಲ್ಲಿ ಕೊನೆಯ ಸುರುಳಿಯನ್ನು ತೊಳೆದು ಯಂತ್ರವನ್ನು ನಿಲ್ಲಿಸಿದರು. ಅಂದಿನಿಂದ, ಎಷ್ಟೇ ಹಣವನ್ನು ಸುರಿದರೂ, ಯಾರ ಕೊಡಕ್ರೋಮಿಗೂ ಬಣ್ಣವು ಬರುವುದಿಲ್ಲ. ಫಿಲ್ಮಿತ್ತು, ಕ್ಯಾಮರಾ ಇತ್ತು, ಚಿತ್ರವೂ ಇತ್ತು. ತೊಳೆಯುವವನು ಮಾತ್ರ ಇರಲಿಲ್ಲ. ಅಲ್ಲಿಗೆ ಎಲ್ಲವೂ ಮುಗಿಯಿತು.

ಇನ್ನು ಈಗಿನ ಸ್ಥಿತಿಯನ್ನು ನೋಡೋಣ. ಮೊದಲು ಮನೆಯಲ್ಲಿರುವ ಕ್ಯಾಮರಾ ಯಾವ ಜಾತಿಯದೆಂದು ತಿಳಿಯಬೇಕು. ಹಳೆಯ ೮ ಮಿಲಿಮೀಟರಿನದಕ್ಕೆ ೧೬ ಮಿಲಿಮೀಟರು ಅಗಲದ, ೨೫ ಅಡಿಯ ಸುರುಳಿಯನ್ನು ಹಾಕಿ, ಒಮ್ಮೆ ಒಂದು ಅಂಚಿಗೂ, ತಿರುವಿಹಾಕಿ ಮತ್ತೊಮ್ಮೆ ಇನ್ನೊಂದು ಅಂಚಿಗೂ ಓಡಿಸುತ್ತಾರೆ. ತೊಳೆದ ಮೇಲೆ ನಡುವೆ ಸೀಳಿ ೫೦ ಅಡಿ ಮಾಡಿಕೊಡುತ್ತಾರೆ. ೧೯೬೫ರಲ್ಲಿ ಬಂದ ಸೂಪರ್ ೮ ಎಂಬುದಕ್ಕೆ ೫೦ ಅಡಿಯ ಮುಚ್ಚಿದ ಡಬ್ಬಿ, ಅಂದರೆ ಕಾರ್ಟ್ರಿಜ್ ಬೇಕು. ಅದೇ ವರ್ಷ ಜಪಾನಿನ ಫ್ಯೂಜಿ ಸಂಸ್ಥೆಯವರು ತಂದ ಸಿಂಗಲ್ ೮ ಎಂಬುದರ ಡಬ್ಬಿಯೇ ಬೇರೆ, ಒಂದಕ್ಕೊಂದು ಹೊಂದುವುದಿಲ್ಲ. ಬಣ್ಣದ ಫಿಲ್ಮು ಸುಲಭವಾಗಿ ದೊರೆಯುವುದು ಸೂಪರ್ ೮ ಮತ್ತು ೧೬ ಮಿಲಿಮೀಟರುಗಳಿಗೆ. ಹಳೆಯ ೮ ಮಿಲಿಮೀಟರಿಗೆ ಬಣ್ಣ ಬೇಕಾದರೆ, ಇತರ ಅಳತೆಯ ಫಿಲ್ಮನ್ನು ಕತ್ತರಿಸಿ ಅಂಚಿನಲ್ಲಿ ರಂಧ್ರ ಕೊರೆದು ಮಾರುವ ಸಣ್ಣ ವ್ಯಾಪಾರಿಗಳನ್ನು ಆಶ್ರಯಿಸಬೇಕಾಗುತ್ತದೆ. ಹೊಸ ಕ್ಯಾಮರಾವನ್ನೇ ಕೊಳ್ಳೋಣವೆಂದರೆ, ೨೦೨೩ನೆಯ ಕೊನೆಯಲ್ಲಿ ಕೊಡಕ್ಕಿನವರು ಮಾರಾಟಕ್ಕಿಟ್ಟ ಸೂಪರ್ ೮ ಕ್ಯಾಮರಾದ ಬೆಲೆ ೫,೪೯೫ ಡಾಲರು! ಅಟ್ಟದ ಮೇಲಿನ ಹಳೆಯದೇ ನಮಗೆ ಲೇಸು.

ಬಣ್ಣದ ಫಿಲ್ಮಿನಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದು ರಿವರ್ಸಲ್. ತೊಳೆದ ಕೂಡಲೇ ಆ ಸುರುಳಿಯೇ ನಿಜವಾದ ಬಣ್ಣದ ಚಿತ್ರವಾಗುತ್ತದೆ. ಪ್ರೊಜೆಕ್ಟರಿಗೆ ಹಾಕಿ ಗೋಡೆಯ ಮೇಲೆ ಬಿಡಬಹುದು. ಕೊಡಕ್ಕಿನವರ ಎಕ್ಟಾಕ್ರೋಮ್ ಎಂಬುದು ಈ ಜಾತಿಯದು. ೨೦೧೨ರಲ್ಲಿ ನಿಂತುಹೋಗಿದ್ದ ಇದು ೨೦೧೮ರಲ್ಲಿ ಮರಳಿ ಬಂದಿತು. ಇದನ್ನು ತೊಳೆಯುವ ಕ್ರಮಕ್ಕೆ ಇ-೬ ಎಂದು ಹೆಸರು. ಎರಡನೆಯದು ನೆಗೆಟಿವ್. ತೊಳೆದಾಗ ಬಣ್ಣಗಳೆಲ್ಲವೂ ತಲೆಕೆಳಗಾಗಿ, ಕಿತ್ತಳೆಯ ಛಾಯೆಯಲ್ಲಿ ಕಾಣುತ್ತವೆ; ಸ್ಕ್ಯಾನ್ ಮಾಡಿಸಿ ಗಣಕಯಂತ್ರದಲ್ಲಿ ತಿರುಗಿಸಿದಲ್ಲದೆ ನೋಡಲಾಗುವುದಿಲ್ಲ. ವಿಷನ್-೩ ಎಂಬ ಹೆಸರಿನ ೫೦ಡಿ, ೨೦೦ಟಿ, ೫೦೦ಟಿ ಫಿಲ್ಮುಗಳು ಈ ವರ್ಗದವು. ತೊಳೆಯುವ ಕ್ರಮವು ಇಸಿಎನ್-೨. ಅಂಕಿಯು ಫಿಲ್ಮಿನ ವೇಗವನ್ನೂ, ಡಿ ಎಂಬುದು ಹಗಲು ಬೆಳಕನ್ನೂ, ಟಿ ಎಂಬುದು ದೀಪದ ಬೆಳಕನ್ನೂ ಸೂಚಿಸುತ್ತವೆ. ಹೊರಗಿನ ಬಿಸಿಲಿಗೆ ೫೦ಡಿ ತಕ್ಕುದು. ಕಲ್ಯಾಣಮಂಟಪದ ಒಳಗೆ ೫೦೦ಟಿ ಬೇಕಾಗುತ್ತದೆ. ಟಿ ಜಾತಿಯದನ್ನು ಬಿಸಿಲಿನಲ್ಲಿ ತೆಗೆಯುವಾಗ ಕ್ಯಾಮರಾದೊಳಗಿನ ಕಿತ್ತಳೆಬಣ್ಣದ ಗಾಜನ್ನು ಅಡ್ಡ ತರಬೇಕು. ಡಿ ಜಾತಿಗೆ ಅದನ್ನು ತಪ್ಪದೆ ತೆಗೆದಿಡಬೇಕು.

ಈ ಎರಡರಲ್ಲಿ ಅಗ್ಗವಾದುದು ಯಾವುದು? ಇಲ್ಲಿಯೇ ಹಲವರು ಎಡವುತ್ತಾರೆ. ಸುರುಳಿಯ ಬೆಲೆಯನ್ನಷ್ಟೇ ನೋಡಿದರೆ ನೆಗೆಟಿವ್ ಕಡಿಮೆಯೆನಿಸುತ್ತದೆ. ಆದರೆ ನೆಗೆಟಿವಿಗೆ ಮೂರು ವೆಚ್ಚಗಳು: ಕೊಳ್ಳುವುದು, ತೊಳೆಸುವುದು, ಸ್ಕ್ಯಾನ್ ಮಾಡಿಸುವುದು. ರಿವರ್ಸಲಿಗೆ ಎರಡೇ. ಆದುದರಿಂದ ಮನೆಯಲ್ಲಿ ಕೆಲಸಮಾಡುವ ಪ್ರೊಜೆಕ್ಟರು ಇದ್ದವರು ರಿವರ್ಸಲಿನ ಒಟ್ಟು ಲೆಕ್ಕವನ್ನು ಹಾಕಿ ನೋಡಲಿ. ಪ್ರೊಜೆಕ್ಟರಿಲ್ಲದವರು, ದೂರದ ಮಕ್ಕಳಿಗೆ ಚಿತ್ರವನ್ನು ಕಳುಹಿಸಬಯಸುವವರು ನೆಗೆಟಿವನ್ನು ಹಿಡಿಯಲಿ. ಇನ್ನೊಂದು ಭೇದವುಂಟು. ನೆಗೆಟಿವ್ ಕ್ಷಮಾಗುಣವುಳ್ಳದ್ದು, ಬೆಳಕು ಸ್ವಲ್ಪ ಹೆಚ್ಚಾದರೂ ಸಹಿಸುತ್ತದೆ. ರಿವರ್ಸಲ್ ಅಳತೆ ತಪ್ಪಿದರೆ ಒಪ್ಪದು. ಬೆಳಕಿನ ಮಾಪಕವು ಕೆಟ್ಟುಹೋಗಿರುವ ಹಳೆಯ ಕ್ಯಾಮರಾದಲ್ಲಿ ರಿವರ್ಸಲ್ ಹಾಕುವುದೆಂದರೆ, ಹಣವನ್ನು ಹೊಳೆಗೆ ಹಾಕಿದಂತೆಯೇ.

ಫಿಲ್ಮನ್ನು ಕೊಳ್ಳುವ ಮೊದಲು ತೊಳೆಯುವವರಿಗೆ ಪತ್ರ ಬರೆದು ಐದು ಪ್ರಶ್ನೆಗಳನ್ನು ಕೇಳಬೇಕು. ಒಂದು, ನೀವು ಯಾವ ಕ್ರಮದಲ್ಲಿ ತೊಳೆಯುತ್ತೀರಿ, ಇ-೬ ರಲ್ಲಿಯೋ ಇಸಿಎನ್-೨ ರಲ್ಲಿಯೋ? ಎರಡು, ಈ ಅಗಲದ ಚಲಚ್ಚಿತ್ರದ ಸುರುಳಿಯನ್ನು ತೆಗೆದುಕೊಳ್ಳುತ್ತೀರೊ? ಮೂರು, ಸ್ಕ್ಯಾನು ಶುಲ್ಕದಲ್ಲಿ ಸೇರಿದೆಯೋ, ತೊಳೆದ ಫಿಲ್ಮನ್ನೂ ಹಿಂದಿರುಗಿಸುವಿರೊ? ನಾಲ್ಕು, ಕೂಡಲೇ ತೊಳೆಯುವಿರೊ, ಸಾಕಷ್ಟು ಸುರುಳಿಗಳು ಕೂಡುವ ವರೆಗೆ ಕಾಯುವಿರೊ? ಐದು, ಅಂಚೆ, ಸುಂಕ, ತೆರಿಗೆಗಳು ಸೇರಿ ಒಟ್ಟು ಎಷ್ಟಾಗುವುದು? ಈ ಐದಕ್ಕೂ ಉತ್ತರ ಬಂದ ಮೇಲೆ ಒಟ್ಟು ವೆಚ್ಚವನ್ನು ಚಿತ್ರದ ನಿಮಿಷಗಳಿಂದ ಭಾಗಿಸಬೇಕು. ನಿಮಿಷಕ್ಕೆ ಎಷ್ಟು ಬಿದ್ದಿತೆಂಬುದೇ ಸರಿಯಾದ ಬೆಲೆ. ಡಬ್ಬಿಯ ಮೇಲೆ ಅಚ್ಚಾಗಿರುವುದಲ್ಲ. ಸಾಮಾನ್ಯ ಫೋಟೋ ಸ್ಟುಡಿಯೋದವರು ಬಣ್ಣದ ನೆಗೆಟಿವ್ ತೊಳೆಯುತ್ತಾರಲ್ಲಾ ಎಂದು ವಿಷನ್-೩ನ್ನು ಅವರ ಕೈಗೆ ಕೊಡಬಾರದು. ಈ ಫಿಲ್ಮಿನ ಬೆನ್ನಿಗೆ ಬಹುಕಾಲದಿಂದ ಇಂಗಾಲದ ಕರಿಯ ಲೇಪವನ್ನು ಬಳಿಯುತ್ತಿದ್ದರು. ಅದು ಅವರ ಯಂತ್ರವನ್ನೂ ದ್ರಾವಣವನ್ನೂ ಕೆಡಿಸುತ್ತದೆ. ಈ ಲೇಪವಿಲ್ಲದ ಬಗೆಯನ್ನು ೨೦೨೫ರಲ್ಲಿ ತರಲಾರಂಭಿಸಿದ್ದಾರಾದರೂ, ಲೇಪವಿರುವ ಸುರುಳಿಗಳು ಜನರ ಕೈಯಲ್ಲಿ ಇನ್ನೂ ಇವೆ.

ನಮ್ಮ ದೇಶದಲ್ಲಿ ಫಿಲ್ಮು ತಯಾರಾಗುತ್ತಿರಲಿಲ್ಲವೆ ಎಂದು ಕೇಳುವವರುಂಟು. ೧೯೬೦ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರದ ಕಾರ್ಖಾನೆಯು ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು ಬಿಳುಪಿನ ಫಿಲ್ಮುಗಳನ್ನು ಮಾಡುತ್ತಿತ್ತು. ಹೆಸರಿಗೆ ತಕ್ಕಂತೆ ಚಂದ್ರನ ಬೆಳಕಿನಲ್ಲಿ ಬಣ್ಣಗಳಿಲ್ಲವಷ್ಟೆ! ಆ ಕಾರ್ಖಾನೆಯೂ ಮುಚ್ಚಿಹೋಯಿತು. ಈಗ ಮನೆಯ ಕ್ಯಾಮರಾದ ಬಣ್ಣದ ಫಿಲ್ಮು ಪರದೇಶದಿಂದಲೇ ಬರಬೇಕಾದುದರಿಂದ, ಸಾಗಣೆ ಮತ್ತು ಸುಂಕಗಳು ಬೆಲೆಯೊಡನೆ ಸೇರಿಕೊಳ್ಳುತ್ತವೆ. ಮೂರು ನಾಲ್ಕು ಮನೆಯವರು ಕೂಡಿ ತರಿಸಿ, ಕೂಡಿಯೇ ತೊಳೆಯಲು ಕಳುಹಿಸಿದರೆ ಸಾಗಣೆಯ ಭಾರವು ಹಂಚಿಹೋಗುತ್ತದೆ. ನಮ್ಮ ದೃಷ್ಟಿಯಲ್ಲಿ ವೆಚ್ಚವನ್ನು ತಗ್ಗಿಸುವ ಉಪಾಯಗಳಲ್ಲಿ ಇದೇ ಉತ್ತಮವಾದುದು.

ಅವಧಿ ಮೀರಿದ ಹಳೆಯ ಫಿಲ್ಮುಗಳನ್ನು ಕಡಿಮೆ ಬೆಲೆಗೆ ಮಾರುವವರಿದ್ದಾರೆ. ಇದರಲ್ಲಿ ಎಚ್ಚರವಿರಲಿ. ಡಬ್ಬಿಯ ಮೇಲೆ ಕೊಡಕ್ರೋಮ್ ಎಂದಿದ್ದರೆ ಬಣ್ಣದ ಆಸೆಯನ್ನು ಬಿಡಬೇಕು. ಹಳೆಯ ಎಕ್ಟಾಕ್ರೋಮುಗಳಲ್ಲಿ ಕೆಲವು ಈಗ ಬಳಕೆಯಲ್ಲಿಲ್ಲದ ಕ್ರಮಗಳನ್ನು ಬೇಡುತ್ತವೆ. ಸೆಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಫಿಲ್ಮಿನ ಬಣ್ಣಗಳು ಮಾಸಿ, ಮುಸುಕು ಕವಿದಿರುತ್ತವೆ. ಪರೀಕ್ಷೆಗೆ ಬೇಕಾದರೆ ಒಂದನ್ನು ಕೊಳ್ಳಬಹುದು. ಮಗಳ ಮದುವೆಯನ್ನು ಅದರಲ್ಲಿ ತೆಗೆಯಲಾಗದು.

ಧಾರವಾಡದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ತೀರಿಹೋದ ತಂದೆಯವರ ಕ್ಯಾಮರಾದೊಡನೆ, ತೆಗೆದು ಮುಗಿಸಿಯೂ ತೊಳೆಸದೆ ಬಿಟ್ಟ ಮೂರು ಕೊಡಕ್ರೋಮ್ ಸುರುಳಿಗಳು ದೊರೆತಿವೆ, ಅವುಗಳಲ್ಲಿ ತಮ್ಮ ತಾಯಿಯವರು ಇರಬಹುದು, ಏನು ಮಾಡಬೇಕು? ಇಂಥ ಸುರುಳಿಗಳು ಮತ್ತಾರ ಮನೆಯಲ್ಲಿಯಾದರೂ ಇದ್ದಾವೆಂದು ಉತ್ತರವನ್ನು ಇಲ್ಲಿಯೇ ಹೇಳುತ್ತೇವೆ. ಬಣ್ಣವು ಬಾರದು, ಆದರೆ ಚಿತ್ರವು ಪೂರ್ತಿ ಹೋಗಿದೆಯೆಂದು ತಿಳಿಯಬೇಕಾದುದಿಲ್ಲ. ಬೆಳಕು ಬಿದ್ದ ಬೆಳ್ಳಿಯ ಕಣಗಳು ಒಳಗಿರುವುದರಿಂದ, ಹಳೆಯ ಫಿಲ್ಮುಗಳಲ್ಲಿ ಅನುಭವವುಳ್ಳ ಪ್ರಯೋಗಶಾಲೆಯವರು ಅದನ್ನು ಕಪ್ಪು ಬಿಳುಪಿನಲ್ಲಿ ತೊಳೆಯಬಲ್ಲರು. ಮುಖವು ಮಬ್ಬಾಗಿ ಕಂಡೀತು, ಆದರೂ ಕಂಡೀತು. ಡಬ್ಬಿಯನ್ನು ಬಿಚ್ಚಬೇಡಿ, ಎಳೆದು ನೋಡಬೇಡಿ, ತಂಪಾದ ಒಣಸ್ಥಳದಲ್ಲಿಡಿ. ಮೂರನ್ನೂ ಒಟ್ಟಿಗೆ ಕಳುಹಿಸದೆ ಮೊದಲು ಒಂದನ್ನು ಮಾತ್ರ ಕಳುಹಿಸಿರಿ. ಅದರ ಫಲವನ್ನು ನೋಡಿ ಮಿಕ್ಕವನ್ನು ನಿಶ್ಚಯಿಸಿರಿ. ತಡಮಾಡಬೇಡಿ, ವರ್ಷ ಕಳೆದಂತೆ ಒಳಗಿರುವ ಆಕೃತಿಯು ಕ್ಷೀಣಿಸುತ್ತದೆ.

ಮನೆಯಲ್ಲಿಯೇ ತೊಳೆದರೆ ಹೇಗೆ? ಇ-೬ಕ್ಕೆ ಬೇಕಾದ ರಾಸಾಯನಿಕಗಳು ಪೊಟ್ಟಣಗಳಲ್ಲಿ ಸಿಕ್ಕುತ್ತವೆ. ೫೦ ಅಡಿಯನ್ನು ಸುತ್ತಬಲ್ಲ ರಷ್ಯದ ಲೋಮೋ ತೊಟ್ಟಿಗಳು ಹಳೆಯ ಸಾಮಾನಿನಲ್ಲಿ ದೊರೆಯುವುದುಂಟು. ಮೊದಲನೆಯ ದ್ರಾವಣವು ೩೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸ್ಥಿರವಾಗಿ ನಿಲ್ಲಬೇಕು. ಅರ್ಧ ಡಿಗ್ರಿಯ ವ್ಯತ್ಯಾಸವೂ ಬಣ್ಣದಲ್ಲಿ ಕಾಣಬಹುದು. ನಮ್ಮ ಬಯಲುಸೀಮೆಯವರಿಗೆ ಇದರಲ್ಲೊಂದು ಅನುಕೂಲವುಂಟು. ಕಪ್ಪು ಬಿಳುಪಿಗೆ ವಾಡಿಕೆಯಾದ ೨೦ ಡಿಗ್ರಿಗೆ ಬಳ್ಳಾರಿಯ ಬೇಸಿಗೆಯಲ್ಲಿ ನೀರನ್ನು ತಣಿಸುವುದು ಕಷ್ಟ. ೩೮ಕ್ಕೆ ಕಾಯಿಸುವುದು ಸುಲಭ. ಆದರೂ ಅರುಂಧತೀನ್ಯಾಯದಂತೆ, ದೊಡ್ಡ ನಕ್ಷತ್ರವನ್ನು ತೋರಿಸಿ ಆಮೇಲೆ ಸಣ್ಣದನ್ನು ತೋರಿಸುವ ಹಾಗೆ, ಮೊದಲು ಕಪ್ಪು ಬಿಳುಪಿನಲ್ಲಿ ಕೈ ಪಳಗಿಸಿಕೊಂಡು ಅನಂತರ ಬಣ್ಣಕ್ಕೆ ಕೈಹಾಕುವುದು ಒಳ್ಳೆಯದು. ಜೆಕ್ ದೇಶದ ಫೋಮಾ ಸಂಸ್ಥೆಯವರ ಕಪ್ಪು ಬಿಳುಪಿನ ರಿವರ್ಸಲ್ ಫಿಲ್ಮು ಈ ಅಭ್ಯಾಸಕ್ಕೆ ಸಲ್ಲುತ್ತದೆ. ರಾಸಾಯನಿಕಗಳನ್ನು ಅಡಿಗೆಯ ಪಾತ್ರೆಗಳಲ್ಲಿ ಕಲಸಕೂಡದು. ಕೈಚೀಲ ಹಾಕಿಕೊಳ್ಳದೆ ಮುಟ್ಟಕೂಡದು. ಮಕ್ಕಳ ಕೈಗೆ ಎಟಕುವಂತೆ ಇಡಕೂಡದು. ಈ ಮೂರು ನಿಯಮಗಳನ್ನು ಪಾಲಿಸಲಾರದವರು ಹಣ ಕೊಟ್ಟು ಹೊರಗೆ ತೊಳೆಸುವುದೇ ಮಿತವ್ಯಯ.

ಕೊಂಡ ಫಿಲ್ಮನ್ನು ಕಾಪಾಡುವುದೂ ಉಳಿತಾಯವೇ. ಬಳಸದ ಸುರುಳಿಗಳನ್ನು ೧೩ ಡಿಗ್ರಿಗಿಂತ ಕೆಳಗೆ, ತಂಗಳುಪೆಟ್ಟಿಗೆಯಲ್ಲಿ, ಮುಚ್ಚಿದ ಡಬ್ಬಿಯೊಳಗಿಡಬೇಕು. ಹೊರಗೆ ತೆಗೆದೊಡನೆ ಬಿಚ್ಚಿದರೆ ತೇವವು ಕೂರುತ್ತದೆ. ಕೆಲವು ಗಂಟೆ ಹಾಗೆಯೇ ಬಿಟ್ಟು ಆಮೇಲೆ ಬಿಚ್ಚಬೇಕು. ತೆಗೆದ ಮೇಲೆ ತಿಂಗಳುಗಟ್ಟಲೆ ಇಟ್ಟುಕೊಳ್ಳದೆ ಬೇಗ ತೊಳೆಸಬೇಕು. ವಿಮಾನದಲ್ಲಿ ಹೋಗುವವರು ತೊಳೆಯದ ಫಿಲ್ಮನ್ನು ಸಾಮಾನಿನ ಪೆಟ್ಟಿಗೆಯೊಳಗೆ ಹಾಕಲೇಬಾರದು. ಅಲ್ಲಿನ ಎಕ್ಸ್-ರೇ ಯಂತ್ರವು ಅದನ್ನು ಮಬ್ಬುಗೊಳಿಸುತ್ತದೆ. ಕೈಯಲ್ಲಿಟ್ಟುಕೊಂಡು, ಕೈಯಿಂದಲೇ ಪರೀಕ್ಷಿಸಿರೆಂದು ವಿನಯದಿಂದ ಕೇಳಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯವು ತೆಗೆಯುವವನ ಬೆರಳಿನಲ್ಲಿದೆ. ಸೂಪರ್ ೮ ಸುರುಳಿಯೊಂದರಲ್ಲಿ ೩,೬೦೦ ಚಿತ್ರಗಳು. ಸೆಕೆಂಡಿಗೆ ೨೪ರಂತೆ ಓಡಿಸಿದರೆ ಎರಡೂವರೆ ನಿಮಿಷ. ೧೮ರಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಮಾತು ಬೇಡದ ಮನೆಯ ಚಿತ್ರಕ್ಕೆ ೧೮ ಧಾರಾಳವಾಗಿ ಸಾಕು. ಒಂದೊಂದು ದೃಶ್ಯಕ್ಕೆ ಎಂಟು ಸೆಕೆಂಡಿನಂತೆ ಇಪ್ಪತ್ತೈದು ದೃಶ್ಯಗಳಾದವು. ಮದುವೆಯ ಮನೆಯಲ್ಲಿ ಇಪ್ಪತ್ತೈದು ಏನು ಕಡಿಮೆಯೆ? ಬಾಗಿಲ ತೋರಣಕ್ಕೆ ಒಂದು, ಕಾಶೀಯಾತ್ರೆಗೆ ಎರಡು, ಅಂತರಪಟ ಸರಿಯುವುದಕ್ಕೆ ಒಂದು, ಧಾರೆಗೆ ಎರಡು, ಸಪ್ತಪದಿಗೆ ಒಂದು, ಪಂಕ್ತಿಯ ಊಟಕ್ಕೆ ಎರಡು. ಅಜ್ಜಿಯು ಮೊಮ್ಮಗಳ ತಲೆಯ ಮೇಲೆ ಕೈಯಿಡುವುದಕ್ಕೆ ತಪ್ಪದೆ ಒಂದು. ಹೀಗೆ ಹಿಂದಿನ ದಿನವೇ ಕಾಗದದಲ್ಲಿ ಬರೆದುಕೊಂಡು ಹೋದವನಿಗೆ ಒಂದು ಸುರುಳಿಯಲ್ಲಿ ಮದುವೆಯು ಅಡಗುತ್ತದೆ. ಬರೆದುಕೊಳ್ಳದವನಿಗೆ ಹತ್ತು ಸಾಲವು.

ಅಂಗೈಯೊಳಗಿನ ಫೋನು ಇದನ್ನೆಲ್ಲ ವೆಚ್ಚವಿಲ್ಲದೆ ಮಾಡುತ್ತಿರುವಾಗ ಈ ಹಳೆಯ ಪ್ರಯಾಸವೇಕೆಂದು ಮನೆಯವರು ಕೇಳಿದರೆ, ಆ ಆಕ್ಷೇಪವು ನ್ಯಾಯವಾದುದೇ. ದಿನನಿತ್ಯದ ಚಿತ್ರಕ್ಕೆ ಫೋನೇ ಸರಿ. ಆದರೆ ಗಂಟೆಗಟ್ಟಲೆ ತೆಗೆದದ್ದನ್ನು ಕುಳಿತು ನೋಡುವವರು ಎಷ್ಟು ಮಂದಿ? ಮೂರು ನಿಮಿಷದ ಸುರುಳಿಯನ್ನು ಮನೆಯವರೆಲ್ಲರೂ ಕೊನೆಯ ವರೆಗೆ ನೋಡುತ್ತಾರೆ. ಅದಲ್ಲದೆ, ಸರಿಯಾಗಿ ತೊಳೆದು ತಂಪಿನಲ್ಲಿಟ್ಟ ಫಿಲ್ಮನ್ನು ಬೆಳಕಿಗೆ ಹಿಡಿದರೆ ಯಾವ ಯಂತ್ರದ ನೆರವೂ ಇಲ್ಲದೆ ಮುಖವು ಕಾಣುತ್ತದೆ. ವರ್ಷಕ್ಕೊಂದು ಸುರುಳಿ, ಮನೆಯಲ್ಲಿ ನಡೆವ ಒಂದು ದೊಡ್ಡ ಶುಭಕಾರ್ಯಕ್ಕೆ: ಸಾಧಾರಣ ಸಂಸಾರಕ್ಕೆ ಇಷ್ಟು ಮಿತಿಯನ್ನು ನಾವು ಹೇಳುತ್ತೇವೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಈ ತಿಂಗಳು ಕ್ಯಾಮರಾವನ್ನು ಕೆಳಗಿಳಿಸಿದವರು ಹಣವನ್ನು ಹೊರತೆಗೆಯುವುದಕ್ಕೆ ಮುಂಚೆ ಒಂದು ಕಾಗದವನ್ನು ತೆಗೆದುಕೊಳ್ಳಲಿ. ಕ್ಯಾಮರಾದ ಜಾತಿ, ಫಿಲ್ಮಿನ ಹೆಸರು, ತೊಳೆಯುವ ಕ್ರಮ, ತೊಳೆಯುವವರ ಉತ್ತರ, ಒಟ್ಟು ವೆಚ್ಚ ಎಂದು ಐದು ಸಾಲುಗಳನ್ನು ಬರೆಯಲಿ. ನಾಲ್ಕನೆಯ ಸಾಲು ತುಂಬುವ ತನಕ ಸುರುಳಿಯನ್ನು ಕೊಳ್ಳದಿರಲಿ.